ಗುಜರಿಗೆ ಹೋದ ಕಬ್ಬಿಣದ ಕೊಳವೆ

ಹೋದ ವರ್ಷ ಗೋವಿನಜೋಳ ಕಟಾವಾದ ಮೇಲೆ ಊರಿಗೆ ಹೋಗಿದ್ದೆ. ನಮ್ಮಣ್ಣನ ಮಗ ಬಿ.ಎ. ಎರಡನೇ ವರ್ಷದಲ್ಲಿ ಇತಿಹಾಸ ಓದುತ್ತಿದ್ದಾನೆ. ಮನೆ ಮುಂದಿನ ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ, ಒಂದು ಬಿಸ್ಕೀಟಿನ ಡಬ್ಬಿಯನ್ನು ತಂದು ಅದರ ಮೇಲೆ ಬೋರಲು ಹಾಕಿದ. ಮಣ್ಣು ಮೆತ್ತಿದ ಲೋಹದ ಚೂರುಗಳು ಖಣಖಣ ಎಂದು ಉರುಳಿದವು. ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಕೊಂಡು, ಹದಿನೈದು ದಿನ ನಮ್ಮ ಹೊಲದಲ್ಲಿ ಅಡ್ಡಾಡಿ ಆರಿಸಿದ್ದನಂತೆ.

“ಕಾಕಾ, ಇವೆಲ್ಲಾ ಹೈದರನ ಯುದ್ಧದವು ಅದಾವ್ರಿ. ನೋಡಿ ಹೇಳ್ರಿ” ಎಂದ.

ಅವನ ಉತ್ಸಾಹಕ್ಕೆ ಕಾರಣ ಇಲ್ಲದಿಲ್ಲ. ನಮ್ಮದು ರಟ್ಟೀಹಳ್ಳಿ. ಮೊದಲು ಹಿರೇಕೆರೂರು ತಾಲೂಕಿನ ಊರು, ಈಗ ತಾನೇ ಒಂದು ತಾಲೂಕು ಕೇಂದ್ರ. ಪಕ್ಕದಲ್ಲಿ ಕುಮದ್ವತಿ ಹರಿಯುತ್ತದೆ, ಊರೊಳಗೆ ಕದಂಬೇಶ್ವರನ ಗುಡಿ ಇದೆ. ಬಂದವರಿಗೆಲ್ಲ ನಾವು ತೋರಿಸುವುದು ಆ ಗುಡಿಯನ್ನು, ಅದರ ಶಾಸನಗಳನ್ನು. ಆದರೆ ಇತಿಹಾಸದ ಪುಸ್ತಕಗಳಲ್ಲಿ ಊರಿನ ಹೆಸರು ಬರುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. 1764ರ ಬೇಸಿಗೆಯಲ್ಲಿ ಪೇಶ್ವೆ ಮಾಧವರಾಯ ಹೈದರ್ ಅಲಿಯ ಸೈನ್ಯವನ್ನು ಸೋಲಿಸಿದ್ದು ಇಲ್ಲಿ.

ಹಿಂದಿನ ವರ್ಷ, 1763ರ ಜನವರಿಯಲ್ಲಿ, ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟಿದ್ದ. ಇಂದಿನ ನಗರ ಅದೇ. ಅಲ್ಲಿಂದ ಅವನ ಕಣ್ಣು ಉತ್ತರಕ್ಕೆ, ಸವಣೂರು ನವಾಬನ ಸೀಮೆಯ ಮೇಲೆ ಬಿತ್ತು. ತುಂಗಭದ್ರೆಯ ಈಚೆಗೆ ಬಂದ ಅವನ ದಂಡನ್ನು ತಡೆಯಲು ಪುಣೆಯಿಂದ ಹೊರಟ ಮಾಧವರಾಯನಿಗೆ ಆಗ ಹತ್ತೊಂಬತ್ತು ವರ್ಷ. ರಟ್ಟೀಹಳ್ಳಿಯಲ್ಲಿ ಒಮ್ಮೆ, ಬಳಿಕ ಆನವಟ್ಟಿಯ ಬಳಿ ಇನ್ನೊಮ್ಮೆ ಹೈದರ್ ಸೋತ. 1765ರ ಒಪ್ಪಂದದಲ್ಲಿ ಸವಣೂರಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟ. ಇಷ್ಟನ್ನು ವಿಲ್ಕ್ಸ್‌ ಬರೆದ ಮೈಸೂರು ಇತಿಹಾಸದಲ್ಲಿ, 1884ರ ಧಾರವಾಡ ಗೆಜೆಟಿಯರಿನಲ್ಲಿ ಓದಬಹುದು. ಬರೆದವರು ದೊರೆಗಳ ಹೆಸರು ಹೇಳಿದ್ದಾರೆ, ಗೆದ್ದವರು ಸೋತವರು ಯಾರೆಂದು ಹೇಳಿದ್ದಾರೆ. ಯಾವ ಹೊಲದಲ್ಲಿ ನಿಂತು ಯಾರು ಗುಂಡು ಹಾರಿಸಿದರು, ಯಾವ ದಿಕ್ಕಿಗೆ ಓಡಿದರು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಅದನ್ನು ಯಾರಾದರೂ ಹೇಳುವುದಾದರೆ ಮಣ್ಣೇ ಹೇಳಬೇಕು.

ಹುಡುಗನ ಪೇಪರಿನ ಮೇಲಿದ್ದದ್ದನ್ನು ವಿಂಗಡಿಸಲು ಕುಳಿತೆವು. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತ ಮನೆಯಲ್ಲಿತ್ತು. ಮೊದಲು ಅದನ್ನು ಎಲ್ಲದರ ಮೇಲೆ ಆಡಿಸಿದೆವು. ಅಂಟಿಕೊಂಡದ್ದು ಕಬ್ಬಿಣ, ಅಂಟದ್ದು ತಾಮ್ರ, ಹಿತ್ತಾಳೆ, ಕಂಚು, ಸೀಸ, ಬೆಳ್ಳಿ. ಅರ್ಧಕ್ಕರ್ಧ ರಾಶಿ ಕಬ್ಬಿಣವೇ ಆಯಿತು: ಟ್ರ್ಯಾಕ್ಟರಿನ ಬೋಲ್ಟು, ಮುರಿದ ಕುಡುಗೋಲಿನ ತುದಿ, ರಂಟಿಯ ಸವೆದ ಕುಳ, ಎತ್ತಿನ ಲಾಳ. ಲಾಳ ಒಂದನ್ನು ಹಿಡಿದು “ಇದು ಕುದುರೀದು, ಪೇಶ್ವೆ ದಂಡಿಂದು” ಎಂದ. ಕುದುರೆಯ ಗೊರಸು ಒಂದೇ, ಹಾಗಾಗಿ ಅದರ ಲಾಳ ಇಡೀ ಕಮಾನು. ಎತ್ತಿನ ಗೊರಸು ಎರಡಾಗಿ ಸೀಳಿರುವುದರಿಂದ ಅದಕ್ಕೆ ಎರಡು ಚಪ್ಪಟೆ ಬಿಲ್ಲೆ. ಅವನ ಕೈಯಲ್ಲಿದ್ದದ್ದು ಚಪ್ಪಟೆ ಬಿಲ್ಲೆ. ಅವರಪ್ಪನ ಎತ್ತಿನದೇ ಇದ್ದೀತು ಎಂದೆ. ಮುಖ ಸಪ್ಪಗಾಯಿತು.

ಕಬ್ಬಿಣದಂತೆಯೇ ಕಂಡ ಎರಡು ಕರಿ ಗಟ್ಟಿಗಳು ಅಯಸ್ಕಾಂತಕ್ಕೆ ಅರೆಮನಸ್ಸಿನಿಂದ ಅಂಟಿದವು. ಮೈಮೇಲೆ ತೂತುಗಳು, ಒಡೆದ ಕಡೆ ಗಾಜಿನ ಹೊಳಪು. ಅದು ಕಿಟ್ಟ. ಅದಿರನ್ನು ಕಾಯಿಸಿ ಕಬ್ಬಿಣ ತೆಗೆದಾಗ ಉಳಿಯುವ ಕಸ. ಬಿಸಾಡಬೇಡ, ಎತ್ತಿಡು ಎಂದೆ. ಬಂಗಾರ ಹುಡುಕುವವನಿಗೆ ಅದು ಕಸವೇ. ಆದರೆ ಅಂಥ ಗಟ್ಟಿಗಳು ಒಂದೇ ಕಡೆ ರಾಶಿಯಾಗಿ ಬಿದ್ದಿದ್ದರೆ, ಅಲ್ಲಿ ಒಂದು ಕಾಲಕ್ಕೆ ಕಬ್ಬಿಣ ಕಾಯಿಸುವ ಕುಲುಮೆ ಇತ್ತು ಎಂದು ಸಾಕ್ಷಿ ಹೇಳಲು ಬೇರೆ ಯಾರೂ ಬೇಕಾಗಿಲ್ಲ.

ಇನ್ನು ನಾಣ್ಯಗಳು. ನಾಲ್ಕಿದ್ದವು. ಅವನು ಒಂದನ್ನು ಆಗಲೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದ. ತಾಮ್ರದ ಮೇಲೆ ಕೂತ ಹಸಿರು ಪದರ ಕೊಳೆಯಲ್ಲ. ಬಹಳ ಸಲ ಅಕ್ಷರದ ಏರು ಉಳಿದಿರುವುದೇ ಆ ಪದರದಲ್ಲಿ. ಹುಳಿ ಹಾಕಿ ತಿಕ್ಕಿದರೆ ಹಸಿರಿನ ಜೊತೆ ಅಕ್ಷರವೂ ಹೋಗುತ್ತದೆ. ಅವನು ತಿಕ್ಕಿದ್ದ ಬಿಲ್ಲೆ ಹೊಸ ಪೈಸೆಯ ಹಾಗೆ ಹೊಳೆಯುತ್ತಿತ್ತು, ಏನೂ ಓದಲಾಗುತ್ತಿರಲಿಲ್ಲ.

ಎರಡನೆಯದು ದಪ್ಪ ತಾಮ್ರದ ತುಂಡು, ಅಂಚು ಸೊಟ್ಟ. ನಾಗರಿಯಲ್ಲಿ ಒಂದು ಮಗ್ಗುಲಿಗೆ ‘ರಾಜಾ’, ಇನ್ನೊಂದು ಮಗ್ಗುಲಿಗೆ ‘ಪತಿ’ ಎಂಬಷ್ಟು ಮಾತ್ರ ಕಾಣುತ್ತಿತ್ತು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಹಾಗಾಗಿ ಪೂರ್ತಿ ಬರಹ ಕೂತಿರುವುದು ಅಪರೂಪ. ಪೂರ್ತಿ ಇದ್ದರೆ ‘ಶ್ರೀ ರಾಜಾ ಶಿವ’, ಹಿಂದೆ ‘ಛತ್ರಪತಿ’. ಇದು ಶಿವರಾಯಿ. ಹುಡುಗ ಕುಣಿದಾಡಿದ, ಶಿವಾಜಿ ಮಹಾರಾಜರ ಕಾಲದ್ದು ಎಂದ. ಹೆಸರು ಅವರದು ನಿಜ. ಆದರೆ ಶಿವಾಜಿಯ ನಂತರವೂ, ಪೇಶ್ವೆಯರ ಕಾಲದುದ್ದಕ್ಕೂ ಅದೇ ಹೆಸರಿನಲ್ಲಿ ಈ ನಾಣ್ಯವನ್ನು ಟಂಕಿಸುತ್ತಲೇ ಇದ್ದರು. ಕಂಪನಿ ಸರಕಾರ ಬಂದ ಮೇಲೂ ಸಂತೆಯಲ್ಲಿ ನಡೆಯುತ್ತಿತ್ತು. ಒಂದು ಶಿವರಾಯಿ 1764ರಲ್ಲಿ ದಂಡಾಳಿನ ಸೊಂಟದಿಂದ ಬಿದ್ದಿರಬಹುದು, ನೂರು ವರ್ಷ ಆದಮೇಲೆ ಸಂತೆಯಿಂದ ಬರುವ ಅಜ್ಜಿಯ ಸೆರಗಿನ ಗಂಟಿನಿಂದಲೂ ಬಿದ್ದಿರಬಹುದು.

ಮೂರನೆಯದರ ಮೇಲೆ ಆನೆ. ಅವನಿಗೆ ಸಂಶಯವೇ ಇರಲಿಲ್ಲ: “ಇದಂತೂ ಹೈದರಂದ ಕಾಕಾ.” ಇಲ್ಲೇ ನಾನು ಅವನನ್ನು ತಡೆದೆ. ಮದ್ರಾಸು ಮ್ಯೂಸಿಯಮ್ಮಿನಲ್ಲಿದ್ದ ಹೆಂಡರ್ಸನ್ ಎಂಬವರು 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ ಒಂದು ಪುಸ್ತಕ ಬರೆದರು. ಹೈದರ್ ಆನೆಯ ಪೈಸೆ ಹೊರಡಿಸಿದ್ದು ತನ್ನ ಆಳ್ವಿಕೆಯ ಕೊನೆಯ ಒಂದೆರಡು ವರ್ಷಗಳಲ್ಲಿ, 1780ರ ಈಚೆಗೆ. ಅದನ್ನು ಊರೂರಿಗೆ ಮುಟ್ಟಿಸಿದವನು ಟಿಪ್ಪು. ಬಿದನೂರು ಗೆದ್ದ ಹೊಸದರಲ್ಲಿ ಹೈದರ್ ಮಾಡಿಸಿದ್ದು ಚಿನ್ನದ ವರಹ, ಅದರ ಮೇಲೆ ಇಕ್ಕೇರಿ ವರಹದಲ್ಲಿದ್ದ ಶಿವಪಾರ್ವತಿಯರನ್ನೇ ಉಳಿಸಿಕೊಂಡು ಹಿಂದೆ ತನ್ನ ಹೆಸರಿನ ಮೊದಲ ಫಾರ್ಸಿ ಅಕ್ಷರ ಹಾಕಿಸಿದ. ಅಂದಮೇಲೆ ಆನೆಯ ಪೈಸೆ 1764ರ ಯುದ್ಧದಲ್ಲಿ ಬೀಳುವುದು ಸಾಧ್ಯವೇ ಇಲ್ಲ. 1791ರಲ್ಲಿ ಧಾರವಾಡದ ಕೋಟೆ ಮರಾಠರ ವಶವಾಗುವ ತನಕ ಈ ಕಡೆ ಟಿಪ್ಪುವಿನ ಆಡಳಿತ ಇತ್ತಲ್ಲ, ಆ ಕಾಲದ್ದಿರಬೇಕು.

ಟಿಪ್ಪುವಿನ ನಾಣ್ಯ ಗುರುತಿಸಲು ಇನ್ನೊಂದು ಉಪಾಯ ಹೇಳಿಕೊಟ್ಟೆ. ಅವನು ತನ್ನದೇ ಮೌಲೂದಿ ಶಕೆಯನ್ನು ತಂದಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ರೂಢಿಯಂತೆ ಓದಿದರೆ 5121 ಎಂದು ಕಾಣುವುದು ನಿಜಕ್ಕೆ 1215. ಹುಡುಗ ಮೊಬೈಲಿನ ಬೆಳಕು ಅಡ್ಡಡ್ಡ ಹಿಡಿದು ಬಹಳ ಹೊತ್ತು ನೋಡಿದ. ಅಂಕಿ ಸವೆದುಹೋಗಿತ್ತು. ನಾಲ್ಕನೆಯದಕ್ಕೆ ಇಷ್ಟು ಕಷ್ಟ ಬೇಕಾಗಲಿಲ್ಲ. ಅದು 1835ರ ಕಂಪನಿ ಕಾಲಾಣೆ, ಇಸವಿ ಅದರ ಮೇಲೇ ಇತ್ತು.

ಕೊನೆಗೆ ಉಳಿದದ್ದು ಬೂದು ಬಣ್ಣದ, ಮೇಲೆ ಸುಣ್ಣ ಬಳಿದಂತಿದ್ದ ಒಂದು ಗುಂಡು. ಗೋಲಿಗಿಂತ ತುಸು ದೊಡ್ಡದು, ಕೈಗೆ ಭಾರ. ಬಿಳಿ ಪುಡಿಯಂಥ ಪದರ ಹಳೆಯ ಸೀಸದ ಗುರುತು. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕು ಎಂದೂ ಹೇಳಿದೆ. ಗುಂಡಿನ ನಡುವೆ ತೆಳ್ಳಗೆ ಒಂದು ಗೆರೆ ಸುತ್ತಿತ್ತು, ಒಂದು ಕಡೆ ಸಣ್ಣ ಮೊಟಕು. ಎರಡು ಹೋಳಿನ ಅಚ್ಚಿನಲ್ಲಿ ಸೀಸ ಹೊಯ್ದಾಗ ಹೋಳುಗಳು ಕೂಡುವ ಕಡೆ ಗೆರೆ ಬೀಳುತ್ತದೆ, ಹೊಯ್ದ ಬಾಯಿಯ ಹತ್ತಿರ ಮೊಟಕು ಉಳಿಯುತ್ತದೆ. ಪತ್ತಾರರ ಅಂಗಡಿಗೆ ಹೋಗಿ ತೂಗಿಸಿದೆವು, ಅಳೆದೆವು. ಹದಿನೇಳೂವರೆ ಮಿಲಿಮೀಟರ್ ಅಡ್ಡಳತೆಯ ಸೀಸದ ಗುಂಡು ಸುಮಾರು 32 ಗ್ರಾಂ ತೂಗಬೇಕು, ಅಷ್ಟೇ ಗಾತ್ರದ ಕಬ್ಬಿಣದ್ದಾದರೆ 22 ಗ್ರಾಂ. ಇಂಗ್ಲಿಷರ ಚಕಮಕಿ ಕಲ್ಲಿನ ಕೋವಿಯ ಗುಂಡಿನ ಅಳತೆ ಸರಿಸುಮಾರು ಇದೇ. ಫ್ರೆಂಚರ ಕೋವಿಯದು ಒಂದು ಮಿಲಿಮೀಟರಿನಷ್ಟು ಸಣ್ಣದು. ಬತ್ತಿ ಹಚ್ಚಿ ಹಾರಿಸುವ ನಮ್ಮ ಕಡೆಯ ಕೋವಿಗಳಿಗೆ ಒಂದೇ ಅಳತೆ ಎಂಬುದಿಲ್ಲ. ನಮ್ಮ ಗುಂಡು ಈ ಮೂರರಲ್ಲಿ ಕೊನೆಯ ಗುಂಪಿಗೆ ಸೇರುವಷ್ಟು ಸಣ್ಣದಿತ್ತು.

“ಅಂದ್ರ ಇದು ಯುದ್ಧದ್ದ ಹೌದಲ್ರಿ?” ಎಂದ.

ಇರಬಹುದು. ಹಂದಿ ಬೇಟೆಗೆ ಹೋದವರದೂ ಇರಬಹುದು. ಗುಂಡು ದುಂಡಗೇ ಇದೆ, ಗೆರೆ ಅಳಿಸಿಲ್ಲ. ಅಂದರೆ ಹಾರಿದ್ದಲ್ಲ, ಕೈಯಿಂದ ಜಾರಿದ್ದು. ಹಾರಿ ಬಡಿದಿದ್ದರೆ ಚಪ್ಪಟೆಯಾಗುತ್ತಿತ್ತು. ಒಂದು ಹೊಲದಲ್ಲಿ ಇಂಥ ದುಂಡನೆಯವು ಸಾಲಾಗಿ ಸಿಕ್ಕರೆ ಅಲ್ಲಿ ಕೋವಿ ತುಂಬುತ್ತಿದ್ದವರು ನಿಂತಿದ್ದರು ಎನ್ನಬಹುದು. ನೂರು ಮಾರು ಆಚೆ ಚಪ್ಪಟೆಯಾದವು ಸಿಕ್ಕರೆ ಅತ್ತ ಗುರಿ ಇಟ್ಟಿದ್ದರು ಎನ್ನಬಹುದು. ಹಾಗಾಗಿ ಅವನಿಗೆ ಕೇಳಬೇಕಾದ ಪ್ರಶ್ನೆ ಕೇಳಿದೆ: “ಇದು ಹೊಲದಾಗ ಎಲ್ಲಿ ಸಿಕ್ಕಿತ್ತೋ?”

ಅವನು ತಲೆ ಕೆರೆದುಕೊಂಡ. ಬದುವಿನ ಕಡೆ ಇರಬೇಕು, ಇಲ್ಲ ಬೋರ್‌ವೆಲ್ ಹತ್ತಿರ ಇರಬೇಕು. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ್ದ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಕಾರಣ ಇದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಅದೇ ಹೊಲದಲ್ಲಿ ರಂಟಿಗೆ ಸಿಕ್ಕಿ ಒಂದು ಕಬ್ಬಿಣದ ಕೊಳವೆ ಮೇಲೆ ಬಂತು. ಗೇಣುದ್ದ, ಕೈಹಿಡಿಯಷ್ಟು ದಪ್ಪ, ತುಕ್ಕು ಹಿಡಿದು ಪದರ ಪದರ ಏಳುತ್ತಿತ್ತು. ಒಂದು ಬಾಯಿ ಮುಚ್ಚಿತ್ತು, ಒಳಗೆ ಮಣ್ಣು ಗಟ್ಟಿಯಾಗಿತ್ತು. ಅಜ್ಜ ಅದನ್ನು ಪಂಪಿನ ಪೈಪಿನ ತುಂಡು ಎಂದರು. ಮನೆಯಲ್ಲಿ ಸೀಸದ ಗುಂಡುಗಳೂ ಕೆಲವು ಇದ್ದವು. ಹೊಳೆಯಲ್ಲಿ ಮೀನು ಹಿಡಿಯುವವರು ಬಲೆಯ ಅಂಚಿಗೆ ಭಾರ ಕಟ್ಟಲು ಸೀಸ ಕೇಳುತ್ತಿದ್ದರು, ಅಜ್ಜ ಕೊಟ್ಟುಬಿಡುತ್ತಿದ್ದರು. ಅವರು ಕಾಯಿಸಿ ಮಣಿ ಮಾಡಿಕೊಳ್ಳುತ್ತಿದ್ದರು. ಕೊಳವೆಯನ್ನು ನಾನೇ ಗುಜರಿಯವನಿಗೆ ಕೊಟ್ಟೆ. ಬಂದ ದುಡ್ಡಿನಲ್ಲಿ ಜಾತ್ರೆಯಲ್ಲಿ ಪೀಪಿ ಕೊಂಡೆ. ಅದನ್ನು ಮರೆತೂಬಿಟ್ಟೆ.

ನೆನಪಾದದ್ದು ನಗರದ ಬಾವಿಯ ಸುದ್ದಿ ಓದಿದಾಗ. ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹೈದರ್ ಗೆದ್ದ ಅದೇ ಬಿದನೂರಿನಲ್ಲಿ, 2002ರಲ್ಲಿ ತೋಟದ ಹಾಳುಬಾವಿಯೊಂದರಿಂದ ನೂರರವತ್ತರಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ತೋಪಿನ ಮದ್ದುಗುಂಡು ಇರಬೇಕು ಎಂದುಕೊಂಡು ಶಿವಮೊಗ್ಗದ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಅವು ಟಿಪ್ಪುವಿನ ಕಾಲದ ಯುದ್ಧ ರಾಕೆಟ್ಟುಗಳು ಎಂದು ಗೊತ್ತಾದದ್ದು ಕೆಲವು ವರ್ಷಗಳ ನಂತರ. ಆಮೇಲೆ 2018ರ ಜುಲೈಯಲ್ಲಿ ರಾಜ್ಯ ಪುರಾತತ್ತ್ವ ಇಲಾಖೆ ಅದೇ ಬಾವಿಯನ್ನು ಮತ್ತೆ ತೋಡಿಸಿತು. ಮೂರು ದಿನದಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಬಾವಿಯ ಕೆಸರಿಗೆ ಮದ್ದಿನ ವಾಸನೆ ಇತ್ತು ಎಂದು ಇಲಾಖೆಯ ಶೇಜೇಶ್ವರ ನಾಯಕ ಅವರು ಪತ್ರಿಕೆಗಳಿಗೆ ಹೇಳಿದ್ದರು. ಆ ವಾಸನೆ, ಒಂದೇ ಕಡೆ ಪೇರಿಸಿದ ರಾಶಿ, ಕೋಟೆಯ ಊರು ಇವು ಮೂರೂ ಕೂಡಿ, ಬರಿಯ ಕೊಳವೆಯನ್ನು ಒಂದು ಶಸ್ತ್ರಾಗಾರದ ಕಥೆ ಮಾಡಿದವು.

ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಬಿದಿರನ್ನೋ ಕತ್ತಿಯ ಅಲಗನ್ನೋ ಕಟ್ಟಿ ಹಾರಿಸುತ್ತಿದ್ದರು. ಕಬ್ಬಿಣವಾದ್ದರಿಂದ ಒಳಗಿನ ಒತ್ತಡ ತಡೆದು ದೂರ ಹೋಗುತ್ತಿತ್ತು. ಇಂಥ ರಾಕೆಟ್ಟುಗಳನ್ನು ಶ್ರೀರಂಗಪಟ್ಟಣದಿಂದ ಇಂಗ್ಲೆಂಡಿನ ವುಲಿಚ್‌ಗೆ ಒಯ್ದ ಮೇಲೆಯೇ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ಮರಾಠರಲ್ಲೂ ಮೈಸೂರಿನವರಲ್ಲೂ ಅದಕ್ಕಿದ್ದ ಹೆಸರು ಬಾಣ. ನಮ್ಮ ಜಾತ್ರೆಯ ‘ಬಾಣ ಬಿರುಸು’ ಎಂಬ ಮಾತಿನಲ್ಲಿ ಈಗಲೂ ಅದು ಉಳಿದಿದೆ.

ನಾನು ಮಾರಿದ್ದು ಬಾಣವೋ ಪಂಪಿನ ಪೈಪೋ? ಒಂದು ಬಾಯಿ ಮುಚ್ಚಿದ್ದ ಪಂಪಿನ ಪೈಪನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅದು ಈಗ ಯಾವ ಮನೆಯ ತೊಲೆಯೊಳಗಿನ ಸರಳಾಗಿದೆಯೋ. ಕೇಳಲು ಏನೂ ಉಳಿದಿಲ್ಲ.

ಜಾಗದ ಗುರುತು ಎಷ್ಟು ಮುಖ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಸೀಮೆಯದೇ, ತುಂಗಭದ್ರೆಯ ದಂಡೆಯ ಹಳ್ಳೂರನ್ನು ನೋಡಿ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದಾಗ ಕಬ್ಬಿಣದ ಬಾಣದ ಮೊನೆಗಳಂಥ ಸಣ್ಣ ವಸ್ತುಗಳು ಸಿಕ್ಕವು. ತುಕ್ಕು ಹಿಡಿದ ಮೊನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ನೂರು ವರ್ಷದ್ದೋ ಮೂರು ಸಾವಿರ ವರ್ಷದ್ದೋ ಯಾರೂ ಹೇಳಲಾರರು. ಆದರೆ ಅವರು ಮಣ್ಣನ್ನು ಪದರ ಪದರವಾಗಿ ಬಿಡಿಸಿದ್ದರು. ಅದೇ ಪದರದ ಇದ್ದಿಲನ್ನು ರೇಡಿಯೊ ಕಾರ್ಬನ್ ಪರೀಕ್ಷೆಗೆ ಕಳಿಸಿದಾಗ ಬಂದದ್ದು ಕ್ರಿ.ಪೂ. 1000ದ ಆಸುಪಾಸಿನ ಕಾಲ. ದಕ್ಷಿಣ ಭಾರತದ ಕಬ್ಬಿಣದ ಇತಿಹಾಸವೇ ಹಿಂದಕ್ಕೆ ಸರಿಯಿತು. ಕಬ್ಬಿಣದ ವಯಸ್ಸು ಹೇಳಿದ್ದು ಕಬ್ಬಿಣವಲ್ಲ, ಅದರ ಪಕ್ಕದಲ್ಲಿದ್ದ ಇದ್ದಿಲು.

ಮೆಟಲ್ ಡಿಟೆಕ್ಟರ್ ಕೆಟ್ಟ ವಸ್ತು ಎಂದು ನಾನು ಹೇಳುವುದಿಲ್ಲ. ಅಮೆರಿಕದ ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬ ರಣಭೂಮಿ ಇದೆ. 1876ರಲ್ಲಿ ಅಲ್ಲಿನ ಮೂಲನಿವಾಸಿಗಳು ಜನರಲ್ ಕಸ್ಟರ್‌ನ ತುಕಡಿಯನ್ನು ಪೂರ್ತಿ ನಾಶ ಮಾಡಿದ್ದರು. 1983ರಲ್ಲಿ ಕಾಡ್ಗಿಚ್ಚು ಹತ್ತಿ ಅಲ್ಲಿನ ಹುಲ್ಲು ಸುಟ್ಟುಹೋಯಿತು. ಮರುವರ್ಷ ಪುರಾತತ್ತ್ವಜ್ಞರು ಸ್ವಯಂಸೇವಕರ ಕೈಗೆ ಇದೇ ಯಂತ್ರ ಕೊಟ್ಟು ಸಾಲಾಗಿ ನಡೆಸಿದರು. ಸದ್ದಾದಲ್ಲಿ ಒಂದು ಬಾವುಟ ನೆಟ್ಟು, ಅಳತೆ ಬರೆದುಕೊಂಡ ಮೇಲೆಯೇ ವಸ್ತುವನ್ನು ಎತ್ತುತ್ತಿದ್ದರು. ತೋಟಾದ ಹಿಂಬದಿಯಲ್ಲಿ ಕೋವಿಯ ಮೊಳೆ ಬಡಿದ ಗುರುತು ಪ್ರತಿ ಕೋವಿಗೂ ಬೇರೆ. ಹಾಗಾಗಿ ಒಂದೊಂದು ಕೋವಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ನಕಾಶೆ ಬರೆಯಲಾಯಿತು. ಗೆದ್ದ ಕಡೆಯವರ ಮಾತನ್ನು ನೂರು ವರ್ಷ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರ ಬಳಿ ಒಳ್ಳೆಯ ಕೋವಿಗಳು ಎಷ್ಟಿದ್ದವು ಎಂಬುದನ್ನು ಆ ತೋಟಾಗಳು ಹೇಳಿದವು. ಯಂತ್ರ ಅದೇ, ನಮ್ಮ ಹುಡುಗನ ಕೈಯಲ್ಲಿದ್ದಂಥದ್ದೇ. ವ್ಯತ್ಯಾಸ ಒಂದು ಬಾವುಟ, ಒಂದು ನೋಟ್‌ಬುಕ್.

ನಮ್ಮಲ್ಲಿ ಕಾನೂನಿನ ಮಾತೂ ಇದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ಯಾವ ವಸ್ತುವೂ ನಿಧಿಯೇ. ಹತ್ತು ರೂಪಾಯಿಗಿಂತ ಹೆಚ್ಚು ಬಾಳುವುದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ ಮೊದಲಾದವು ಪ್ರಾಚ್ಯವಸ್ತುಗಳು. ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವುದಂತೂ ಅಪರಾಧ. ಹಾಳು ಗುಡಿಗಳ ಪೀಠ ಕಿತ್ತು ನಿಧಿ ಹುಡುಕಿದವರು ಬಿಟ್ಟುಹೋದ ಗುಂಡಿಗಳನ್ನು ನಮ್ಮ ಕಡೆ ನೋಡದವರಿಲ್ಲ. ಅವರಿಗೂ ತನಗೂ ಇರುವ ಅಂತರ ಹುಡುಗನಿಗೆ ತಿಳಿಯಬೇಕಿತ್ತು.

ಸಂಜೆ ಇಬ್ಬರೂ ಹೊಲಕ್ಕೆ ಹೋದೆವು. ಯಂತ್ರವನ್ನು ಮನೆಯಲ್ಲೇ ಬಿಟ್ಟಿದ್ದೆವು. ಒಂದೊಂದೇ ವಸ್ತು ಕೈಯಲ್ಲಿ ಹಿಡಿದು ಅವನು ನೆನಪು ಮಾಡಿಕೊಳ್ಳುತ್ತ ನಡೆದ. ಕಿಟ್ಟದ ಗಟ್ಟಿಗಳು ಸಿಕ್ಕ ಜಾಗ ನೆನಪಿತ್ತು, ಆನೆಯ ಪೈಸೆಯದೂ ನೆನಪಿತ್ತು. ಅವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡು, ಚೀಟಿ ಬರೆದು ಬೇರೆ ಬೇರೆ ಲಕೋಟೆಗೆ ಹಾಕಿದ. ಗುಂಡಿನ ಜಾಗ ಎಷ್ಟು ತಿರುಗಿದರೂ ನೆನಪಾಗಲಿಲ್ಲ. ಅದರ ಲಕೋಟೆಯ ಮೇಲೆ ‘ಜಾಗ ಗೊತ್ತಿಲ್ಲ’ ಎಂದು ಬರೆಯಲು ಹೇಳಿದೆ. ಸುಳ್ಳು ಜಾಗ ಬರೆಯುವುದಕ್ಕಿಂತ ಅದು ಮೇಲು.

ಮಾರನೆಯ ದಿನ ತಹಶೀಲ್ದಾರರ ಕಚೇರಿಗೆ ಒಂದು ಅರ್ಜಿ ಬರೆದೆವು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಮ್ಮಿಗೆ ಒಮ್ಮೆ ಕರೆದುಕೊಂಡು ಹೋಗುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ. ಬಸ್ಸು ಹತ್ತುವಾಗ ಕೇಳಿದ:

“ಕಾಕಾ, ಇನ್ನೊಂದು ಕೊಳವಿ ಸಿಕ್ರ ಏನ್ ಮಾಡ್ಲಿರಿ?”

ಬಡಿಯಬೇಡ, ಕಾಯಿಸಬೇಡ, ಒಳಗೆ ಮದ್ದಿದ್ದೀತು. ಇದ್ದಲ್ಲೇ ಬಿಟ್ಟು ಫೋಟೊ ತೆಗೆ, ಸುತ್ತ ನಾಲ್ಕು ಗೂಟ ಬಡಿ, ನನಗೆ ಫೋನ್ ಮಾಡು ಎಂದೆ. ಯಾವ ಹೊತ್ತಿಗಾದರೂ ಸರಿ.